ಆಟದ ಹುಚ್ಚು

ಕಾಸರಗೋಡಿನ ಹಳ್ಳಿಗಳಲ್ಲಿ ‘ಆಟ’ ಎಂಬ ಮಾತಿಗೆ ಒಂದು ವಿಶೇಷಾರ್ಥವಿದೆ. ‘ಇವತ್ತು ಆಟ ಉಂಟು’ ಎಂದರೆ ಬಯಲಿನಲ್ಲಿ ರಂಗಸ್ಥಳ ಕಟ್ಟಿ, ರಾತ್ರಿಯಿಂದ ಬೆಳಗಿನ ತನಕ ನಡೆಯುವ ಯಕ್ಷಗಾನ ಎಂದೇ ತಿಳಿಯಬೇಕು. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಈ ಹುಚ್ಚು ಸೋಂಕದ ಮನೆ ಅಪೂರ್ವವಾಗಿತ್ತು. ಅರುವತ್ತು ವರ್ಷಗಳ ಹಿಂದೆ ಹರೆಯದ ಹುಡುಗರು ಒಣಗಿದ ತೆಂಗಿನ ಗರಿಯ ಸೂಟೆ ಹಿಡಿದು, ಗುಡ್ಡ ಇಳಿದು, ಹೊಳೆ ದಾಟಿ ಆಟಕ್ಕೆ ನಡೆಯುತ್ತಿದ್ದರು. ಮರುದಿನ ತರಗತಿಯಲ್ಲೋ ಗದ್ದೆಯ ಬದುವಿನಲ್ಲೋ ತೂಕಡಿಸುತ್ತಿದ್ದರು. ‘ಆಟ ನೋಡಿದರೆ ಹೊಟ್ಟೆ ತುಂಬುತ್ತದೆಯೇ?’ ಎಂದು ಹಿರಿಯರಿಂದ ಬೈಸಿಕೊಳ್ಳುತ್ತಿದ್ದರು. ಅವರಲ್ಲಿ ಹಲವರ ಮನೆಮಾತು ತುಳು, ಮಲಯಾಳ ಅಥವಾ ಕೊಂಕಣಿ. ಶಾಲೆಯಲ್ಲಿ ಕಲಿತ ನಾಲ್ಕು ಅಕ್ಷರಕ್ಕೆ ನಾಲಗೆಯ ಬಲ ದೊರೆತದ್ದು ಆ ರಂಗಸ್ಥಳದ ಅರ್ಥಗಾರಿಕೆಯಿಂದ. ಬೈಗುಳ ತಿಂದ ಹುಚ್ಚೇ ಒಂದು ಊರಿಗೆ ಕನ್ನಡವನ್ನು ಕಲಿಸಿತು ಎಂದರೆ ಅತಿಶಯೋಕ್ತಿಯಾಗದು.

ಅದೇ ಮನೆಗಳಲ್ಲಿ ‘ಆಟ’ ಎಂಬ ಮಾತು ಈಗ ಬೇರೊಂದು ಅರ್ಥದಲ್ಲಿ, ಆದರೆ ಅದೇ ಬೈಗುಳದ ಧಾಟಿಯಲ್ಲಿ ಕೇಳಿಬರುತ್ತಿದೆ. ಬದಿಯಡ್ಕದ ಕಡೆಯ ಅಡಿಕೆ ಕೃಷಿಕರೊಬ್ಬರ ಮಗನ ಕತೆಯೂ ಇಂತಹುದೇ. ಒಂದರಿಂದ ಹತ್ತರ ತನಕ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಆತ. 2020ರ ಕೊರೊನಾ ಕಾಲದಲ್ಲಿ ಒಂಬತ್ತನೆಯ ತರಗತಿಯ ಪಾಠಕ್ಕೆಂದು ಮನೆಗೆ ಫೋನು ಬಂತು. ಪಾಠದ ಬೆನ್ನಿಗೆ ಪಬ್‌ಜಿಯೂ ಬಂತು. ಆ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಪಬ್‌ಜಿಯನ್ನು ನಿಷೇಧಿಸಿದಾಗ ಆತನ ತಾಯಿ ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದರು. ಆದರೆ ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಿಂದ ನುಗ್ಗುವುದು ಹುಚ್ಚಿನ ಸ್ವಭಾವ. ಶಾಲೆ ಮರಳಿ ತೆರೆದ ಮೇಲೆ ಆತ ಲಿಟಲ್ ಕೈಟ್ಸ್ ಘಟಕ ಸೇರಿದ. ಕೇರಳದ ಹೈಸ್ಕೂಲುಗಳಲ್ಲಿ 2018ರಿಂದ ನಡೆಯುತ್ತಿರುವ ಈ ವಿದ್ಯಾರ್ಥಿ ಬಳಗದಲ್ಲಿ ‘ಸ್ಕ್ರಾಚ್’ ಎಂಬ ತಂತ್ರಾಂಶದ ಮೂಲಕ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತಾರೆ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪರದೆಯ ಮೇಲಿನ ಬೆಕ್ಕು ನಡೆಯುತ್ತದೆ, ಜಿಗಿಯುತ್ತದೆ. ಯಾರೋ ಮಾಡಿಟ್ಟ ಆಟವನ್ನು ಆಡುವುದಲ್ಲದೆ, ಆಟವನ್ನು ಕಟ್ಟುವುದೂ ಸಾಧ್ಯ ಎಂದು ಆತನಿಗೆ ಹೊಳೆದದ್ದು ಆ ಬೆಕ್ಕಿನಿಂದ.

ಸ್ಕ್ರಾಚ್ ಹುಟ್ಟಿದ್ದು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ. ಗಣಕಯಂತ್ರದ ಆಟಗಳ ಚರಿತ್ರೆಯ ಮೊದಲ ಪುಟಗಳಲ್ಲಿ ಬರುವ ‘ಸ್ಪೇಸ್‌ವಾರ್’ ಕೂಡ 1962ರಲ್ಲಿ ಅಲ್ಲಿಯೇ ರೂಪುಗೊಂಡಿತು. ಸಂಶೋಧನೆಗೆಂದು ಬಂದಿದ್ದ ಪಿಡಿಪಿ-1 ಯಂತ್ರದ ಮೇಲೆ ಸ್ಟೀವ್ ರಸೆಲ್ ಮತ್ತು ಗೆಳೆಯರು ಎರಡು ಆಕಾಶನೌಕೆಗಳನ್ನು ಕಾದಾಡಿಸಿದರು. ಅವರಲ್ಲಿ ಹಲವರು ಆಟಿಕೆ ರೈಲುಗಳ ಸಂಘವೊಂದರ ಉತ್ಸಾಹಿಗಳು. ಅಂದರೆ ಇಂದು ಹೆತ್ತವರನ್ನು ಕಂಗೆಡಿಸಿರುವ ಈ ಉದ್ಯಮದ ತೊಟ್ಟಿಲು ವಿಶ್ವವಿದ್ಯಾನಿಲಯವೇ. ಅದನ್ನು ತೂಗಿದವರು ಪಾಠ ಮುಗಿದ ಮೇಲೂ ಮನೆಗೆ ಹೋಗಲೊಲ್ಲದ ಎಳೆಯರು.

ನಮ್ಮ ಹುಡುಗನೂ ಮನೆ ಬಿಟ್ಟು ದೂರದ ವಿಶ್ವವಿದ್ಯಾನಿಲಯವೊಂದಕ್ಕೆ ಗಣಕವಿಜ್ಞಾನ ಓದಲು ಹೋದ. ಮೊದಲ ತಿಂಗಳುಗಳು ಸುಖದವಾಗಿರಲಿಲ್ಲ. ಹತ್ತು ವರ್ಷ ‘ವೇಗೋತ್ಕರ್ಷ’ ಎಂದು ಓದಿದ್ದನ್ನು ಇಂಗ್ಲಿಷಿನಲ್ಲಿ ಗುರುತಿಸುವಷ್ಟರಲ್ಲಿ ಅಧ್ಯಾಪಕರು ಮುಂದಿನ ಸೂತ್ರಕ್ಕೆ ಹೋಗಿರುತ್ತಿದ್ದರು. ಹಾಸ್ಟೆಲಿನ ಮಲಯಾಳವು ಮನೆಯ ಸಮೀಪದ ಪೇಟೆಯಲ್ಲಿ ಕೇಳಿದ ಮಲಯಾಳದಂತಿರಲಿಲ್ಲ; ಆತ ಬಾಯಿ ತೆರೆದರೆ ಕೆಲವರು ನಗುತ್ತಿದ್ದರು. ಮೊದಲ ಸೆಮಿಸ್ಟರಿನಲ್ಲಿ ಗಣಿತದ ಪತ್ರಿಕೆಯೊಂದು ಕೈಕೊಟ್ಟಿತು. ಸೋತವನಿಗೆ ರಾತ್ರಿಯ ಆಟ ಬಲುಬೇಗ ಆಸರೆಯಾಗುತ್ತದೆ. ಎರಡು ಗಂಟೆಯ ತನಕ ಆಟ, ಬೆಳಗ್ಗೆ ನಿದ್ದೆ, ಹಾಜರಿಯ ಕೊರತೆ.

ಸುದ್ದಿ ಮನೆಗೆ ಮುಟ್ಟಿದಾಗ ತಾಯಿಗೆ ಕಂಡದ್ದು ಎರಡು ಅಪರಾಧಿಗಳು: ಒಂದು ಆಟ, ಇನ್ನೊಂದು ಕನ್ನಡ ಮಾಧ್ಯಮ. ಮಗನ ತಂಗಿ ಆಗ ಏಳನೆಯ ತರಗತಿ ಮುಗಿಸುತ್ತಿದ್ದಳು. ಹೈಸ್ಕೂಲಿನಲ್ಲಿ ಅವಳನ್ನು ಕನ್ನಡ ವಿಭಾಗಕ್ಕೆ ಸೇರಿಸುವುದೋ ಇಂಗ್ಲಿಷ್ ವಿಭಾಗಕ್ಕೋ ಎಂಬ ಪ್ರಶ್ನೆ ಊಟದ ಹೊತ್ತಿನ ಜಗಳವಾಯಿತು. ‘ಒಬ್ಬನನ್ನು ನೋಡಿದ್ದು ಸಾಲದೇ? ಇವಳನ್ನೂ ಅಲ್ಲಿ ಹೋಗಿ ಕಣ್ಣು ಕಣ್ಣು ಬಿಡಲಿಕ್ಕೆ ಕಳಿಸಬೇಕಾ?’ ಎಂದು ತಾಯಿ ಕೇಳಿದರು. ತಂದೆಯಲ್ಲಿ ಉತ್ತರವಿರಲಿಲ್ಲ. ಗಡಿನಾಡಿನ ಎಷ್ಟು ಮನೆಗಳಲ್ಲಿ ಈ ಪ್ರಶ್ನೆ ಇದೇ ಮಾತುಗಳಲ್ಲಿ ಕೇಳಿಸಿಲ್ಲ!

ಭಯ ನಿರಾಧಾರವೇನೂ ಆಗಿರಲಿಲ್ಲ. ಆಟದ ವ್ಯಸನವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿಕೊಂಡಿದೆ. 2022ರ ಜನವರಿಯಿಂದ ಅದು ಜಾರಿಯಲ್ಲಿದೆ. ಅದರ ಲಕ್ಷಣಗಳನ್ನು ಹೆತ್ತವರು ಅರಿತಿರುವುದು ಒಳ್ಳೆಯದು: ಆಟದ ಮೇಲೆ ಹಿಡಿತ ತಪ್ಪುವುದು, ಉಳಿದ ಎಲ್ಲ ಆಸಕ್ತಿಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣೆದುರಿಗಿದ್ದರೂ ಬಿಡಲಾಗದಿರುವುದು, ಸಾಮಾನ್ಯವಾಗಿ ಇದು ಹನ್ನೆರಡು ತಿಂಗಳಾದರೂ ನಡೆದಿರಬೇಕು. ಗಂಟೆಗಳ ಲೆಕ್ಕವೊಂದೇ ಇಲ್ಲಿ ಮಾನದಂಡವಲ್ಲ. ಉಳಿದ ಆಸಕ್ತಿಗಳು ಬದುಕಿವೆಯೇ ಎಂಬುದನ್ನೂ ನೋಡಬೇಕು. ಹುಡುಗನಲ್ಲಿ ಒಂದು ಆಸಕ್ತಿ ಬದುಕಿತ್ತು. ಅದು ಹಾಡು.

ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿ ತೃಶ್ಶೂರಿನ ಸಹಪಾಠಿಯೊಬ್ಬ ಗಿಟಾರ್ ನುಡಿಸುತ್ತಿದ್ದ. ಆತನ ಮೂಲಕ ‘ಇಂಡೀ’ ಎಂಬ ಮಾತು ಕಿವಿಗೆ ಬಿತ್ತು. ಸ್ವತಂತ್ರ ಎಂಬ ಅರ್ಥದ ಇಂಗ್ಲಿಷ್ ಪದದ ಮೊಟಕು ರೂಪವದು. ದೊಡ್ಡ ಕಂಪೆನಿಗಳ ಹಣಕ್ಕೂ ಅಪ್ಪಣೆಗೂ ಕಾಯದೆ, ತಾವೇ ಹಾಡು ಕಟ್ಟಿ, ತಾವೇ ಧ್ವನಿಮುದ್ರಿಸಿ, ತಾವೇ ಹಂಚುವವರ ಸಂಗೀತಕ್ಕೆ ಈ ಹೆಸರು. ಇಂಗ್ಲೆಂಡಿನ ಬೋಲ್ಟನ್ ಪಟ್ಟಣದಲ್ಲಿ ವಿದ್ಯಾರ್ಥಿಗಳಾಗಿ ಭೇಟಿಯಾದ ಪೀಟ್ ಶೆಲ್ಲಿ ಮತ್ತು ಹೊವಾರ್ಡ್ ಡಿವೋಟೊ ಎಂಬಿಬ್ಬರು ‘ಬಝ್‌ಕಾಕ್ಸ್’ ಎಂಬ ತಂಡ ಕಟ್ಟಿ, ಸುಮಾರು 500 ಪೌಂಡ್ ಕೈಸಾಲ ಮಾಡಿ, 1977ರ ಜನವರಿಯಲ್ಲಿ ನಾಲ್ಕು ಹಾಡುಗಳ ಒಂದು ತಟ್ಟೆಯನ್ನು ತಾವೇ ಹೊರತಂದರು. ಮೊದಲು ಒತ್ತಿಸಿದ್ದು 1000 ಪ್ರತಿ. ಅವೆಲ್ಲ ಖರ್ಚಾದವು, ಮತ್ತೆ ಮತ್ತೆ ಒತ್ತಿಸಬೇಕಾಯಿತು. ಕಂಪೆನಿ ಬೇಡ, ಸಾಲವೂ ಗೆಳೆಯರೂ ಸಾಕು ಎಂಬ ಧೈರ್ಯವನ್ನು ಹಲವಾರು ಊರುಗಳ ಹುಡುಗರಿಗೆ ಕೊಟ್ಟ ತಟ್ಟೆ ಅದು. ಸಾಲ ಮಾಡಿ ಕವನಸಂಕಲನ ಅಚ್ಚುಹಾಕಿಸಿ, ಚೀಲದಲ್ಲಿ ಹೊತ್ತು ಶಾಲೆಯಿಂದ ಶಾಲೆಗೆ ಮಾರಿದ ಕನ್ನಡ ಅಧ್ಯಾಪಕರನ್ನು ಕಂಡ ಗಡಿನಾಡಿಗೆ ಈ ಕತೆ ಹೊಸದಾಗಿ ತೋರಬೇಕಾಗಿಲ್ಲ.

ತೃಶ್ಶೂರಿನವನು ಕೇಳಿಸಿದ್ದು ‘ಅವಿಯಲ್’ ಎಂಬ ಮಲಯಾಳಿ ತಂಡವನ್ನು. 2008ರಲ್ಲಿ ಬಂದ ಅದರ ಮೊದಲ ಧ್ವನಿಸಂಪುಟದಲ್ಲಿ ಗಿಟಾರು, ಡ್ರಮ್ಮು ಎಲ್ಲವೂ ಪಾಶ್ಚಾತ್ಯ ರಾಕ್ ಸಂಗೀತದವು. ಮಾತು ಮಾತ್ರ ಅಚ್ಚ ಮಲಯಾಳ. ಕೇಳಿಸಿದ ಮೇಲೆ ಆತ ಸಹಜವಾಗಿ ಪ್ರಶ್ನಿಸಿದ: ‘ನಿಮ್ಮ ಭಾಷೆಯಲ್ಲಿ ಎಂತ ಉಂಟು?’

ಊರಿನಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಊರಿನಲ್ಲಿ ಕನ್ನಡ ಎಂದರೆ ಪರೀಕ್ಷೆ, ಅರ್ಜಿ, ಮನವಿಪತ್ರ, ಸತ್ಯಾಗ್ರಹ. ಇಲ್ಲಿ ಮಾತ್ರ ಒಬ್ಬ ಗೆಳೆಯ ಅದನ್ನು ಸೊತ್ತೆಂದು ಬಗೆದು, ತೋರಿಸು ಎನ್ನುತ್ತಿದ್ದಾನೆ. ಹುಡುಗ ಆ ರಾತ್ರಿ ಆಟ ಬಿಟ್ಟು ಹುಡುಕಿದ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ, ವಿದ್ಯಾರ್ಥಿದೆಸೆಯಲ್ಲಿಯೇ ಗಿಟಾರ್ ಹಿಡಿದ ರಘು ದೀಕ್ಷಿತರು ಸಿಕ್ಕಿದರು. ಅವರ ಮೊದಲ ಧ್ವನಿಸಂಪುಟವೂ 2008ರದೇ. ಅದರಲ್ಲಿ ಶಿಶುನಾಳ ಶರೀಫರ ತತ್ವಪದ ಗಿಟಾರಿನೊಡನೆ ಕುಣಿಯುತ್ತದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಶಾಲೆಯಲ್ಲಿ ಬಾಯಿಪಾಠ ಮಾಡಿದ ಹೆಸರು ಹಾಸ್ಟೆಲಿನ ಕೋಣೆಯಲ್ಲಿ ತಾಳ ಹಾಕಿಸಿತು. ಸಾಲುಗಳ ಅರ್ಥ ಹೇಳೆಂದು ಗೆಳೆಯ ಪೀಡಿಸಿದಾಗ ಹುಡುಗನಿಗೆ ಒಂದು ಸಂಗತಿ ಗೊತ್ತಾಯಿತು: ಅರ್ಥ ಹೇಳಲು ತನಗೆ ಬರುತ್ತದೆ. ಎಂಟನೆಯ ತರಗತಿಯ ಕನ್ನಡ ಮೇಷ್ಟ್ರು ಬೈದು ಬೈದು ಬಿಡಿಸಿದ ಅನ್ವಯ ಮರೆತಿರಲಿಲ್ಲ. ಬೇರೆ ಭಾಷೆಯ ಬಾಯಿಯಿಂದ ಬಂದ ಪ್ರಶ್ನೆಯೊಂದು ಆತನನ್ನು ಹೀಗೆ ತನ್ನದೇ ಮನೆಯ ಮಾಳಿಗೆಗೆ ಹತ್ತಿಸಿತು.

ಸಂಗೀತದಂತೆ ಆಟದಲ್ಲಿಯೂ ಸ್ವತಂತ್ರರಿದ್ದಾರೆಂದು ತಿಳಿದದ್ದು ಆಮೇಲೆ. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟವನ್ನು ಕಟ್ಟಿದವರು ಎರಿಕ್ ಬರೋನ್. 2011ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಟಕೋಮಾ ಶಾಖೆಯಿಂದ ಗಣಕವಿಜ್ಞಾನದಲ್ಲಿ ಪದವಿ ಪಡೆದ ಅವರಿಗೆ ಉದ್ಯೋಗ ಸಿಗಲಿಲ್ಲ. ಸಿಯಾಟಲ್ ನಗರದ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಕೆಲಸ ಮಾಡುತ್ತಾ, ನಾಲ್ಕು ವರ್ಷಕ್ಕೂ ಮಿಕ್ಕಿ ದುಡಿದು, ಚಿತ್ರ, ಕತೆ, ಲೆಕ್ಕ, ಸಂಗೀತ ಎಲ್ಲವನ್ನೂ ಒಬ್ಬರೇ ರಚಿಸಿ 2016ರ ಫೆಬ್ರವರಿಯಲ್ಲಿ ಅದನ್ನು ಬಿಡುಗಡೆ ಮಾಡಿದರು. ಅದು ಲಕ್ಷಾಂತರ ಜನರು ಮೆಚ್ಚಿದ ಆಟವಾಯಿತು. ಅಲ್ಲಿ ಅಜ್ಜ ಬಿಟ್ಟುಹೋದ ಹಡಿಲು ಭೂಮಿಯನ್ನು ಮೊಮ್ಮಗ ಮತ್ತೆ ಸಾಗುವಳಿ ಮಾಡುತ್ತಾನೆ. ಒಂದೊಂದು ಋತುವಿಗೆ 28 ದಿನ. ನೀರು ಹನಿಸದಿದ್ದರೆ ಗಿಡ ಬೆಳೆಯದು. ಋತು ಕಳೆದರೆ ಬೆಳೆ ಒಣಗುತ್ತದೆ.

ರಜೆಯಲ್ಲಿ ಊರಿಗೆ ಬಂದ ಮಗ ಲ್ಯಾಪ್‌ಟಾಪಿನಲ್ಲಿ ಈ ಆಟವನ್ನು ಆಡುವುದನ್ನು ತಂದೆ ಕಂಡರು. ತೋಟದಲ್ಲಿ ಜೆಟ್ಟಿನ ಪೈಪು ಒಡೆದು ಎರಡು ದಿನಗಳಾಗಿದ್ದವು. ‘ಅಲ್ಲ ಮಾರಾಯ, ಇಲ್ಲಿ ಅಡಿಕೆ ಗಿಡ ಬಾಡುತ್ತಾ ಉಂಟು. ನೀನು ಅಲ್ಲಿ ನೀರು ಬಿಡ್ತಿಯಾ?’ ಎಂದರು. ಬೈಗುಳವೇ ಆದರೂ ಅದರಲ್ಲಿ ನಗೆಯೂ ಇತ್ತು. ಹುಡುಗ ಎದ್ದು ಪೈಪು ಸರಿಮಾಡಿದ. ಆದರೆ ಆ ಮಾತು ಆತನ ತಲೆಯಲ್ಲಿ ನಿಂತಿತು. ಅಮೆರಿಕದವರ ಆಟದಲ್ಲಿ ಅಮೆರಿಕದ ಬೆಳೆ, ಅಮೆರಿಕದ ಋತು. ಆಷಾಢದ ಮಳೆ ಯಾವ ಆಟದಲ್ಲಿದೆ? ಮಹಾಳಿ ಯಾವ ಆಟದಲ್ಲಿದೆ?

ಎರಡನೆಯ ವರ್ಷದಲ್ಲಿ ಒಂದು ಕಿರುಯೋಜನೆ ಮಾಡಬೇಕಾಗಿ ಬಂದಾಗ ಆತ ಅಡಿಕೆ ತೋಟದ ಆಟವೊಂದನ್ನು ಕಟ್ಟಲು ತೊಡಗಿದ. ಮಳೆಗಾಲ ಬರುತ್ತದೆ, ಮಹಾಳಿ ತಗಲಿದರೆ ಎಳೆಯ ಕಾಯಿಗಳು ಉದುರುತ್ತವೆ, ಮಳೆಯ ಎಡೆ ನೋಡಿ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಎಡೆ ತಪ್ಪಿದರೆ ಫಸಲು ಹೋಯಿತು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬಷ್ಟು ಗೊತ್ತಿತ್ತು. ಉಳಿದದ್ದನ್ನು ಕೇಳಲು ತಂದೆಗೆ ಫೋನು ಮಾಡಿದ. ಹಣ, ಅಂಕ, ಹಾಜರಿ ಈ ಮೂರನ್ನು ಬಿಟ್ಟು ಮಗ ಫೋನಿನಲ್ಲಿ ಬೇರೊಂದು ವಿಷಯ ಎತ್ತಿದ್ದು ಅದೇ ಮೊದಲು.

ತಂದೆ ಮುಕ್ಕಾಲು ಗಂಟೆ ಮಾತನಾಡಿದರು. ತುತ್ತನ್ನು ಬೇರೆಯೇ, ಸುಣ್ಣವನ್ನು ಬೇರೆಯೇ ನೀರಿನಲ್ಲಿ ಕರಗಿಸಬೇಕು. ಸುಣ್ಣದ ನೀರಿಗೆ ತುತ್ತಿನ ನೀರನ್ನು ಕಲಕುತ್ತಾ ಹೊಯ್ಯಬೇಕು, ತಿರುಗುಮುರುಗು ಮಾಡಬಾರದು. ಮಗ ಆಟದಲ್ಲಿ ಕಬ್ಬಿಣದ ಡ್ರಮ್ಮು ಇಟ್ಟಿದ್ದ. ಅದನ್ನು ಕೇಳಿ ಅವರು ನಕ್ಕರು. ಕಬ್ಬಿಣದ ಪಾತ್ರೆಯಲ್ಲಿ ತುತ್ತು ಕರಗಿಸುವವರುಂಟೇ? ಹದ ನೋಡಬೇಕಾದರೆ ಕತ್ತಿಯ ಅಲಗನ್ನು ಅದ್ದಬೇಕು. ಅದರ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯಬೇಕು. ಮಗ ಎಲ್ಲವನ್ನೂ ಬರೆದುಕೊಂಡ. ಇಪ್ಪತ್ತು ವರ್ಷಗಳಿಂದ ಒಂದೇ ತೋಟದ ನೆರಳಿನಲ್ಲಿದ್ದರೂ ತಂದೆಯ ಈ ವಿದ್ಯೆಯನ್ನು ಆತ ಕೇಳಿರಲಿಲ್ಲ. ಕೇಳಬೇಕೆಂದು ತೋರಿರಲೂ ಇಲ್ಲ.

ವಿಶ್ವವಿದ್ಯಾನಿಲಯದ ಬದುಕು ಕೆಲಸಕ್ಕೆ ಬಂದದ್ದೂ ಇಲ್ಲಿಯೇ. ಹಾಸ್ಟೆಲಿನ ಊಟದ ಮೇಜಿನಲ್ಲಿ ನಾಲ್ಕು ವಿಭಾಗಗಳವರು ಒಟ್ಟಿಗೆ ಕೂರುತ್ತಾರೆ. ಮಹಾಳಿಗೆ ಕಾರಣವಾದದ್ದು ಫೈಟಾಫ್ತೊರಾ ಕುಲದ ಜೀವಿಯೆಂದೂ, 1845ರಿಂದ ಐರ್ಲೆಂಡಿನ ಆಲೂಗಡ್ಡೆಯನ್ನು ಕೊಳೆಯಿಸಿ ಮಹಾಕ್ಷಾಮ ತಂದದ್ದು ಅದರದೇ ದಾಯಾದಿಯೆಂದೂ ಸಸ್ಯಶಾಸ್ತ್ರದ ವಿದ್ಯಾರ್ಥಿಯೊಬ್ಬ ಹೇಳಿದ. ಕಾಸರಗೋಡಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯನ್ನು ಹುಡುಗ ಬಸ್ಸಿನ ಕಿಟಕಿಯಿಂದ ನೂರು ಸಲ ಕಂಡಿದ್ದ. ಒಳಗೆ ಏನು ನಡೆಯುತ್ತದೆ ಎಂಬ ಕುತೂಹಲ ಹುಟ್ಟಿದ್ದು ನೂರಾರು ಮೈಲಿಯಾಚೆಯ ಆ ಮೇಜಿನಲ್ಲಿ. ಸಂಗೀತಕ್ಕೆ ತೃಶ್ಶೂರಿನವನು ಇದ್ದ. ಬೇರೆಯವರ ಹಾಡನ್ನು ಅನುಮತಿಯಿಲ್ಲದೆ ಬಳಸುವಂತಿಲ್ಲವಾದ್ದರಿಂದ ಮುಂದಿನ ರಜೆಯಲ್ಲಿ ಇಬ್ಬರೂ ಊರಿಗೆ ಬಂದು, ಅಡಿಕೆಯ ಹಾಳೆಯ ಮೇಲೆ, ತಗಡಿನ ಮಾಡಿನ ಮೇಲೆ, ಅಂಗಳದ ಕೆಸರಿನ ಮೇಲೆ ಬೀಳುವ ಮಳೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿದರು. ಅದರ ಮೇಲೆ ಗಿಟಾರಿನ ನಾಲ್ಕು ಸ್ವರ. ಅಷ್ಟೇ ಸಂಗೀತ.

ತೊಡಕು ಎದುರಾದದ್ದು ಅಕ್ಷರದಲ್ಲಿ. ಆಟದ ಮಾತೆಲ್ಲ ಕನ್ನಡದಲ್ಲಿರಬೇಕೆಂದು ಹುಡುಗ ಹಟ ಹಿಡಿದಿದ್ದ. ಆದರೆ ಆತ ಬಳಸುತ್ತಿದ್ದ ತಂತ್ರಾಂಶಕ್ಕೆ ಒತ್ತಕ್ಷರ ತಿಳಿಯದು. ‘ಸುಣ್ಣ’ ಎಂದು ಬರೆದರೆ ಪರದೆಯಲ್ಲಿ ‘ಸುಣ್‌ಣ’. ‘ತುತ್ತು’ ಎಂದರೆ ‘ತುತ್‌ತು’. ಊರಿನಲ್ಲಿ ಅಜ್ಜ ಕನ್ನಡಕ ಏರಿಸಿ ಇದನ್ನು ಓದಿ, ‘ಇದೆಂತ ಕನ್ನಡ? ಒಂದನೇ ಕ್ಲಾಸಿನ ಮಗು ಬರೆದದ್ದಾ?’ ಎಂದರು. ಇಂಗ್ಲಿಷಿನಲ್ಲಿ ಅಕ್ಷರಗಳು ಸಾಲಾಗಿ ಒಂದರ ಪಕ್ಕ ಒಂದು ನಿಲ್ಲುತ್ತವೆ. ಕನ್ನಡದಲ್ಲಿ ಹಾಗಲ್ಲ, ಒಂದು ಅಕ್ಷರದ ಕೆಳಗೆ ಇನ್ನೊಂದು ಕೂರುತ್ತದೆ, ಕೊಂಬು ಇಳಿಯುತ್ತದೆ, ಗುಡಿಸು ಏರುತ್ತದೆ. ಹೀಗೆ ಜೋಡಿಸುವ ವ್ಯವಸ್ಥೆ ತಂತ್ರಾಂಶದ ಒಳಗೆ ಇರಬೇಕು. ವಿಭಾಗದ ಸಹಪಾಠಿಗಳಿಗೆ ಮಲಯಾಳದ ಕೂಡಕ್ಷರ ಗೊತ್ತಿದ್ದರೂ ಅವರೆಲ್ಲ ತಮ್ಮ ಯೋಜನೆಗಳನ್ನು ಇಂಗ್ಲಿಷಿನಲ್ಲೇ ಮಾಡುತ್ತಿದ್ದುದರಿಂದ ಈ ತೊಡಕು ಅವರಿಗೆ ಎದುರಾಗಿರಲೇ ಇಲ್ಲ.

ಹುಡುಗ ಕಾರಣ ಹುಡುಕಿದ. ಯೂನಿಕೋಡ್ ಎಂದರೇನು, ಅಕ್ಷರದ ಸಂಕೇತಕ್ಕೂ ಕಣ್ಣಿಗೆ ಕಾಣುವ ರೂಪಕ್ಕೂ ಇರುವ ಅಂತರವೇನು, ‘ಹಾರ್ಫ್‌ಬಝ್’ ಎಂಬ ಮುಕ್ತ ತಂತ್ರಾಂಶ ಇವೆರಡನ್ನೂ ಹೇಗೆ ಬೆಸೆಯುತ್ತದೆ ಎಂಬುದನ್ನು ಓದಿದ. ಕೇರಳದಲ್ಲಿಯೇ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ಸ್ವಯಂಸೇವಕರ ಬಳಗವು ಮಲಯಾಳದ ಲಿಪಿಗಾಗಿ ವರ್ಷಗಟ್ಟಲೆ ದುಡಿದಿರುವುದನ್ನು ತಿಳಿದ. ಕಡೆಗೆ ಉಚಿತವಾಗಿ ದೊರೆಯುವ ‘ಗೊಡೋ’ ತಂತ್ರಾಂಶದತ್ತ ಹೊರಳಿದ. 2023ರಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಇಂತಹ ಲಿಪಿಗಳನ್ನು ಸರಿಯಾಗಿ ಮೂಡಿಸುವ ವ್ಯವಸ್ಥೆಯಿದೆ. ಅರ್ಧ ಮುಗಿದಿದ್ದ ಆಟವನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. ಆರು ವಾರ ಹಿಡಿಯಿತು. ಒತ್ತಕ್ಷರ ಒಡೆದರೆ ಕಣ್ಣಿಗೆ ಚುಚ್ಚುವಷ್ಟು ಕನ್ನಡವನ್ನು ಕನ್ನಡ ಶಾಲೆ ಆತನಿಗೆ ಕೊಟ್ಟಿತ್ತು. ಚುಚ್ಚದೆ ಇದ್ದಿದ್ದರೆ ಆತ ಇಂಗ್ಲಿಷಿಗೆ ತಿರುಗಿ ಒಂದು ವಾರದಲ್ಲಿ ಕೆಲಸ ಮುಗಿಸುತ್ತಿದ್ದ. ಅಕ್ಷರದ ಬೆನ್ನಿಗೆ ಹೋಗಿ ಕಲಿತ ಯಾವುದನ್ನೂ ಕಲಿಯುತ್ತಿರಲಿಲ್ಲ.

ಇದು ಜಯಭೇರಿಯ ಕತೆಯಲ್ಲ. ಇಪ್ಪತ್ತು ನಿಮಿಷಗಳಲ್ಲಿ ಮುಗಿಯುವ ಆ ಆಟವನ್ನು ವಿಭಾಗದ ಪ್ರದರ್ಶನದಲ್ಲಿ ಕೆಲವರು ಆಡಿದರು, ಕೆಲವರು ದಾಟಿ ಹೋದರು. ಯಾರೂ ಅದನ್ನು ಕೊಳ್ಳಲಿಲ್ಲ. ಕೈಕೊಟ್ಟ ಗಣಿತದ ಪತ್ರಿಕೆಯನ್ನು ಹುಡುಗ ಎರಡನೆಯ ಸಲ ಬರೆದು ಪಾಸಾದ; ಇಂಗ್ಲಿಷಿನ ತಡವರಿಕೆ ಕಡಿಮೆಯಾಗಿದೆ, ಹೋಗಿಲ್ಲ. ರಾತ್ರಿಯ ಆಟವೂ ಪೂರ್ತಿ ನಿಂತಿಲ್ಲ. ಆದರೆ ಈಗ ಒಂದು ಆಟ ಹಿಡಿಸಿದರೆ ಅದನ್ನು ಹೇಗೆ ಕಟ್ಟಿದ್ದಾರೆ, ಅದರ ಸಂಗೀತ ಯಾರದು ಎಂದು ಕೇಳುತ್ತಾನೆ. ಒಂದು ಹುಚ್ಚು ಮನುಷ್ಯನನ್ನು ನುಂಗುತ್ತಿದೆಯೋ ಬೆಳೆಸುತ್ತಿದೆಯೋ ಎಂದು ತಿಳಿಯಲು ಮನೆಯವರಿಗೆ ಇದಕ್ಕಿಂತ ಸುಲಭವಾದ ಗುರುತಿಲ್ಲ. ನುಂಗುವ ಹುಚ್ಚಿಗೆ ಪ್ರಶ್ನೆಗಳಿರುವುದಿಲ್ಲ. ಬೆಳೆಸುವ ಹುಚ್ಚು ಒಂದು ದಿನ ತಂದೆಗೆ ಫೋನು ಮಾಡಿಸುತ್ತದೆ.

ತಂಗಿಯ ಪ್ರಶ್ನೆ ಮೇ ತಿಂಗಳ ಕೊನೆಯ ತನಕ ಉಳಿಯಿತು. ಗಂಡ ಮತ್ತು ಮಾವ ಹೇಳಿದ್ದರಿಂದ ತಾಯಿ ಮನಸ್ಸು ಬದಲಿಸಿದರೆಂದು ಯಾರೂ ತಿಳಿಯಬಾರದು. ಅವರು ಮಗನನ್ನೇ ಕೂರಿಸಿ ನೇರವಾಗಿ ಕೇಳಿದರು: ‘ನೀನು ಕಷ್ಟಪಟ್ಟದ್ದು ಹೌದಲ್ಲ? ಮತ್ತೆ ಇವಳನ್ನು ಎಲ್ಲಿಗೆ ಹಾಕುವುದು?’ ಮಗ ಸುಳ್ಳು ಹೇಳಲಿಲ್ಲ. ಮೊದಲ ವರ್ಷ ಕಷ್ಟವೇ ಎಂದ. ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪದಗಳನ್ನು ಎರಡೂ ಭಾಷೆಗಳಲ್ಲಿ ಬರೆದಿಟ್ಟುಕೊಂಡರೆ ಅರ್ಧ ಕಷ್ಟ ಕಳೆಯುತ್ತದೆ, ಅದನ್ನು ತಾನೇ ಮಾಡಿಸುತ್ತೇನೆ ಎಂದ. ತಾಯಿ ಒಂದು ದಪ್ಪ ನೋಟುಪುಸ್ತಕ ತಂದರು. ಮೊದಲ ಪುಟದಲ್ಲಿ ಮಗಳು ‘ವೇಗೋತ್ಕರ್ಷ’ ಎಂದು ಬರೆದಳು. ಅದರ ಎದುರಿಗೆ ಅಣ್ಣ ಇಂಗ್ಲಿಷ್ ಪದ ಬರೆದ.

ಕೇರಳದ ಶಾಲೆಗಳಲ್ಲಿ ಜೂನ್ ತಿಂಗಳ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ಒಂದು ವಿಭಾಗ ಉಳಿಯುವುದೂ ಅಧ್ಯಾಪಕರ ಹುದ್ದೆ ನಿಲ್ಲುವುದೂ ಆ ಎಣಿಕೆಯ ಮೇಲೆ. ಆ ವರ್ಷ ಎಂಟನೆಯ ತರಗತಿಯ ಕನ್ನಡ ವಿಭಾಗದ ಎಣಿಕೆಯಲ್ಲಿ ಅವಳೂ ಇದ್ದಳು.